ಬೇಡವೆಂದ ಲೀಗಿಗೆ ಒಲಿಂಪಿಕ್ಸ್ ಚಿನ್ನದ ಉತ್ತರ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಧ್ಯಾನ್‌ಚಂದ್ ಮತ್ತು ಹುಲ್ಲಿನ ಮೈದಾನ. ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಅಂಗಳ. ಅಲ್ಲಿ ಚೆಂಡಿನ ಬದಲು ‘ಪಕ್’ ಎಂಬ ರಬ್ಬರ್ ಬಿಲ್ಲೆ. ಆಟಗಾರರ ಕಾಲಿಗೆ ಸ್ಕೇಟು. ಈ ಆಟ ಮೊದಲ ಬಾರಿ ಒಲಿಂಪಿಕ್ಸ್ ಸೇರಿದ್ದು 1920ರಲ್ಲಿ, ಬೆಲ್ಜಿಯಂನ ಆಂಟ್‌ವರ್ಪ್ ನಗರದಲ್ಲಿ. ಅಲ್ಲಿ ಚಿನ್ನ ಗೆದ್ದ ತಂಡವನ್ನು ಅದರ ಊರಿನ ಲೀಗೇ ಕೆಲವು ತಿಂಗಳ ಹಿಂದೆ ಬೇಡವೆಂದಿತ್ತು.

ಆ ತಂಡ ವಿನಿಪೆಗ್ ಫಾಲ್ಕನ್ಸ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಐಸ್‌ಲ್ಯಾಂಡಿನಿಂದ ಸಾವಿರಾರು ಬಡ ಕುಟುಂಬಗಳು ಕೆನಡಾದ ಮ್ಯಾನಿಟೋಬಾ ಪ್ರಾಂತಕ್ಕೆ ವಲಸೆ ಬಂದವು. 1875ರಲ್ಲಿ ವಿನಿಪೆಗ್ ಸರೋವರದ ದಡದ ಗಿಮ್ಲಿಯಲ್ಲಿ ನೆಲೆನಿಂತವರನ್ನು ಮರುವರ್ಷವೇ ಸಿಡುಬು ಕಾಡಿತು. ಮುಂದೆ ಅನೇಕರು ವಿನಿಪೆಗ್ ನಗರ ಸೇರಿದರು. ಆದರೆ ಅಲ್ಲಿನ ಪ್ರತಿಷ್ಠಿತ ಕ್ಲಬ್ಬುಗಳಲ್ಲಿ ಈ ವಲಸಿಗರ ಮಕ್ಕಳಿಗೆ ಜಾಗವಿರಲಿಲ್ಲ. ಹುಡುಗರು ತಮ್ಮದೇ ಹವ್ಯಾಸಿ ಕ್ಲಬ್ ಕಟ್ಟಿಕೊಂಡು, ಆಗ ಐಸ್‌ಲ್ಯಾಂಡಿನ ಲಾಂಛನದಲ್ಲಿದ್ದ ಡೇಗೆ ಹಕ್ಕಿಯ ಹೆಸರನ್ನೇ ಇಟ್ಟರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಆಟಗಾರರಲ್ಲಿ ಹೆಚ್ಚಿನವರು 223ನೇ ಪದಾತಿದಳ ಸೇರಿದರು. ಫ್ರಾಂಕ್ ಥಾರ್‌ಸ್ಟೈನ್ಸನ್ ಮತ್ತು ಜಾರ್ಜ್ ಕಂಬರ್ಸ್ ಮರಳಿ ಬರಲಿಲ್ಲ. ನಾಯಕ ಫ್ರಾಂಕ್ ಫ್ರೆಡ್ರಿಕ್ಸನ್ ಇದ್ದ ‘ಲೀಸೋ ಕ್ಯಾಸಲ್’ ಹಡಗು 1918ರ ಮೇ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಟಾರ್ಪೆಡೋ ದಾಳಿಗೆ ಸಿಕ್ಕಿ ಮುಳುಗಿತು. ಆತ ಪಿಟೀಲನ್ನು ಬಿಡದೆ ಅಪ್ಪಿಕೊಂಡೇ ಬದುಕಿ ಬಂದ ಎಂಬ ಕಥೆ ಇಂದಿಗೂ ಜನಪ್ರಿಯ.

ದೇಶಕ್ಕಾಗಿ ಹೋರಾಡಿ ಬಂದವರು ಎಂಬ ಕಾರಣಕ್ಕಾದರೂ ಊರಿನ ಮನಸ್ಸು ಬದಲಾಗಬೇಕಿತ್ತು. ಆಗಲಿಲ್ಲ. 1919-20ರ ಋತುವಿಗೆ ವಿನಿಪೆಗ್‌ನ ಹಿರಿಯರ ಲೀಗ್ ಫಾಲ್ಕನ್ಸ್ ತಂಡವನ್ನು ಸೇರಿಸಿಕೊಳ್ಳಲಿಲ್ಲ. ತಂಡ ಸುಮ್ಮನೆ ಕೂರಲಿಲ್ಲ. ಬ್ರಾಂಡನ್ ಮತ್ತು ಸೆಲ್ಕರ್ಕ್ ಊರುಗಳ ತಂಡಗಳ ಜತೆಗೂಡಿ ಬೇರೆ ಲೀಗನ್ನೇ ಆರಂಭಿಸಿತು. ಅದನ್ನು ಗೆದ್ದು, ತಮ್ಮನ್ನು ಬೇಡವೆಂದ ಲೀಗಿನ ವಿಜೇತರನ್ನೂ ಸೋಲಿಸಿ, ಕೊನೆಗೆ ಟೊರಾಂಟೊ ವಿಶ್ವವಿದ್ಯಾಲಯದ ತಂಡವನ್ನು ಮಣಿಸಿ ಕೆನಡಾದ ಹವ್ಯಾಸಿ ತಂಡಗಳ ಪರಮೋಚ್ಚ ಪ್ರಶಸ್ತಿ ಅಲನ್ ಕಪ್ ಎತ್ತಿತು. ಒಲಿಂಪಿಕ್ಸ್‌ಗೆ ಹೋಗುವ ಅರ್ಹತೆ ತಂತಾನೇ ಬಂತು.

ಮನೆಗೆ ಹೋಗಿ ಬಟ್ಟೆಬರೆ ತರುವಷ್ಟೂ ಸಮಯವಿರಲಿಲ್ಲ. ಟೊರಾಂಟೊದಿಂದಲೇ ಹೊರಟು ಹಡಗು ಹತ್ತಿದರು. ಏಪ್ರಿಲ್‌ನಲ್ಲಿ ನಡೆದ ಪಂದ್ಯಗಳಲ್ಲಿ ಆಗಿನ ನಿಯಮದಂತೆ ತಂಡಕ್ಕೆ ಏಳು ಮಂದಿ. ಚೆಕೊಸ್ಲೊವಾಕಿಯಾ ವಿರುದ್ಧ 15-0, ಸ್ವೀಡನ್ ವಿರುದ್ಧ 12-1. ನಿಜವಾದ ಕಾದಾಟ ನಡೆದದ್ದು ಅಮೆರಿಕದೊಡನೆ: 2-0. ಮೂರು ಪಂದ್ಯಗಳಲ್ಲಿ 29 ಗೋಲು ಹೊಡೆದು ಬಿಟ್ಟುಕೊಟ್ಟದ್ದು ಒಂದೇ!

ಮೇ ತಿಂಗಳಲ್ಲಿ ವಿನಿಪೆಗ್ ಇದೇ ಹುಡುಗರನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಿತು. ಆದರೆ ಆ ತಂಡ ಹೆಚ್ಚು ಕಾಲ ಒಟ್ಟಿಗೆ ಉಳಿಯಲಿಲ್ಲ. ಫ್ರೆಡ್ರಿಕ್ಸನ್ ವೃತ್ತಿಪರ ಆಟಗಾರನಾಗಿ ದೂರದ ವಿಕ್ಟೋರಿಯಾ ನಗರ ಸೇರಿದ. 1925ರಲ್ಲಿ ಅಲ್ಲಿನ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ, ಆಂಟ್‌ವರ್ಪ್‌ನಲ್ಲಿ ಜತೆಗಿದ್ದ ಹಾಲ್ಡರ್ಸನ್ ಕೂಡ ಪಕ್ಕದಲ್ಲಿದ್ದ.