ಆಟ ತುಂಬಿದ ಪುಟದಲ್ಲಿ ಲೋಕಕ್ಕೆಷ್ಟು ಜಾಗ?

ನಂಜನಗೂಡು–ತಿ. ನರಸೀಪುರ ಸೀಮೆಯ ನಮ್ಮ ದೇವನೂರಿನಲ್ಲಿ ‘ಐಪಿಎಲ್’ ಎಂಬ ಮಾತಿಗೆ ಎರಡು ಅರ್ಥ. ಹುಡುಗರ ಬಾಯಲ್ಲಿ ಅದು ಕ್ರಿಕೆಟ್. ಹಿರಿಯರ ಬಾಯಲ್ಲಿ ಗೊಬ್ಬರದ ಚೀಲ. ಇಂಡಿಯನ್ ಪೊಟ್ಯಾಷ್ ಲಿಮಿಟೆಡ್ ಎಂಬ ಸಂಸ್ಥೆ ತನ್ನ ಚೀಲಗಳ ಮೇಲೆ ಅಚ್ಚು ಹಾಕಿಸುವುದು ಇದೇ ಮೂರಕ್ಷರವನ್ನು. ಕ್ರಿಕೆಟ್‌ನ ಐಪಿಎಲ್ 2008ರಲ್ಲಿ ಹುಟ್ಟುವುದಕ್ಕೆ ದಶಕಗಳ ಮೊದಲೇ ಈ ಸಂಸ್ಥೆ ಇತ್ತು. ಪೊಟ್ಯಾಷ್ ಕಡಿಮೆಯಾದರೆ ಬಾಳೆಗೊನೆ ತುಂಬುವುದಿಲ್ಲ ಎಂಬುದನ್ನು ರಸಬಾಳೆಯ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2022ರ ಫೆಬ್ರುವರಿ 13, ಭಾನುವಾರ. ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದ ನಾನು ಊರಿಗೆ ಬಂದಿದ್ದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪತ್ರಿಕೆ ಬಿಡಿಸಿದರೆ, ಬೆಂಗಳೂರಿನಲ್ಲಿ ನಡೆಯುತ್ತಿದ್ದ ಐಪಿಎಲ್ ಆಟಗಾರರ ಹರಾಜಿನ ಸುದ್ದಿ ಪುಟ ತುಂಬಿತ್ತು. ಇಶಾನ್ ಕಿಶನ್‌ಗೆ 15.25 ಕೋಟಿ ರೂಪಾಯಿ. ಹರಾಜು ಕೂಗುತ್ತಿದ್ದವರು ವೇದಿಕೆಯಲ್ಲೇ ಕುಸಿದು ಬಿದ್ದದ್ದು. ಯಾವ ತಂಡಕ್ಕೆ ಯಾರು ಹೋದರು ಎಂಬ ಉದ್ದನೆಯ ಪಟ್ಟಿ. ಪಕ್ಕದಲ್ಲಿದ್ದ ದೊಡ್ಡಪ್ಪ, “ಐಪಿಎಲ್ ಚೀಲ ಸಾವ್ರ ಚಿಲ್ರೆ ಇದ್ದದ್ದು ಸಾವ್ರದೇಳ್ನೂರ್ ಆಗೋಯ್ತಲ್ಲಪ್ಪ, ಅದ್ಯಾಕೆ ಅಂತ ಏನಾರ ಬರ್ದವ್ರ ನೋಡು” ಎಂದರು. ಪುಟಗಳನ್ನೆಲ್ಲ ತಿರುವಿದೆ. ಸಿಗಲಿಲ್ಲ.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇದ್ದದ್ದು ಪೂರ್ವ ಯುರೋಪಿನಲ್ಲಿ. ಭಾರತ ತನಗೆ ಬೇಕಾದ ಪೊಟ್ಯಾಷ್ ಗೊಬ್ಬರವನ್ನು ಬಹುತೇಕ ಪೂರ್ತಿಯಾಗಿ ಹೊರದೇಶಗಳಿಂದ ತರಿಸುತ್ತದೆ. ಜಗತ್ತಿನ ಪೊಟ್ಯಾಷ್ ಉತ್ಪಾದನೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಾಲು ರಷ್ಯಾ ಮತ್ತು ಅದರ ನೆರೆಯ ಬೆಲರೂಸ್ ದೇಶಗಳದು. ಬೆಲರೂಸ್ ಸರ್ಕಾರದ ಮೇಲೆ 2021ರಲ್ಲಿ ಯುರೋಪ್ ಮತ್ತು ಅಮೆರಿಕ ದಿಗ್ಬಂಧನ ಹೇರಿದವು. ಆ ದೇಶಕ್ಕೆ ಸ್ವಂತ ಬಂದರಿಲ್ಲ. ಪಕ್ಕದ ಲಿಥುವೇನಿಯಾದ ರೈಲಿನಲ್ಲಿ ಸಾಗಿಸಿ ಹಡಗು ಹತ್ತಿಸಬೇಕು. 2022ರ ಫೆಬ್ರುವರಿ 1ರಿಂದ ಆ ದಾರಿಯೂ ಮುಚ್ಚಿತು. ಜಾಗತಿಕ ಮಾರುಕಟ್ಟೆಯಲ್ಲಿ ಪೊಟ್ಯಾಷ್ ಬೆಲೆ ಏರುತ್ತಲೇ ಇತ್ತು. ಆ ಏರಿಕೆ ನಮ್ಮೂರಿನ ಬಾಳೆತೋಟದವರೆಗೂ ಬಂದಿತ್ತು. ಸುದ್ದಿ ಮಾತ್ರ ಬಂದಿರಲಿಲ್ಲ.

ಹರಾಜಿನ ಎರಡು ದಿನ

ಹರಾಜು ನಡೆದದ್ದು ಫೆಬ್ರುವರಿ 12 ಮತ್ತು 13ರಂದು. ಮಾರಾಟವಾದ ಆಟಗಾರರು 204. ಖರ್ಚಾದ ಹಣ 551 ಕೋಟಿ ರೂಪಾಯಿಗೂ ಹೆಚ್ಚು. ಅದೇ ಹೊತ್ತಿನಲ್ಲಿ ಉಕ್ರೇನ್ ಗಡಿಯಲ್ಲಿ ರಷ್ಯಾದ ಸೇನೆ ಜಮಾವಣೆಯಾಗಿತ್ತು. ದಾಳಿ ಯಾವ ಕ್ಷಣದಲ್ಲಾದರೂ ನಡೆಯಬಹುದು, ಬೀಜಿಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಮುಗಿಯುವ ಮೊದಲೇ ನಡೆಯಬಹುದು ಎಂದು ಫೆಬ್ರುವರಿ 11ರಂದು ಅಮೆರಿಕ ಎಚ್ಚರಿಸಿತು. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ತಮ್ಮ ಪ್ರಜೆಗಳಿಗೆ ಉಕ್ರೇನ್ ಬಿಟ್ಟು ಹೊರಡಿ ಎಂದವು. ಅನಿವಾರ್ಯವಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವ ಬಗ್ಗೆ ಯೋಚಿಸಬಹುದು ಎಂದು ಫೆಬ್ರುವರಿ 15ರಂದು ಭಾರತದ ರಾಯಭಾರ ಕಚೇರಿಯೂ ಸೂಚಿಸಿತು. ಆಗ ಅಲ್ಲಿ ಸುಮಾರು 20 ಸಾವಿರ ಭಾರತೀಯರಿದ್ದರು. ಬಹುಪಾಲು ವೈದ್ಯಕೀಯ ಓದಲು ಹೋದ ಮಕ್ಕಳು. ಕರ್ನಾಟಕದವರೂ ನೂರಾರು ಮಂದಿ.

ಫೆಬ್ರುವರಿ 24ರಂದು ಯುದ್ಧ ಶುರುವಾಯಿತು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಅಂದಿನಿಂದ ಎಷ್ಟೋ ದಿನ ನಮ್ಮ ಪತ್ರಿಕೆಗಳಲ್ಲಿ, ಟೀವಿಗಳಲ್ಲಿ ಉಕ್ರೇನ್ ಬಿಟ್ಟರೆ ಬೇರೆ ಸುದ್ದಿಯೇ ಇರಲಿಲ್ಲ.

ಪತ್ರಿಕೆಗಳು ಮೊದಲೇ ವಿವರವಾಗಿ ಬರೆದಿದ್ದರೆ ಆ ಹುಡುಗ ಬದುಕುತ್ತಿದ್ದ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕಾಲೇಜಿನ ಹಾಜರಾತಿ, ವಿಮಾನದ ಟಿಕೆಟ್ ದರ, ಸಾಲ ಮಾಡಿ ಓದಿಸುತ್ತಿದ್ದ ಮನೆಗಳ ಕಷ್ಟ, ಇವೆಲ್ಲ ಆ ಮಕ್ಕಳನ್ನು ಅಲ್ಲೇ ಕಟ್ಟಿಹಾಕಿದ್ದವು. ಆ ವಾರಗಳಲ್ಲಿ ಪುಟ ತುಂಬಿದ್ದು ಕ್ರಿಕೆಟ್ ಒಂದೇ ಅಲ್ಲ. ರಾಜ್ಯದಲ್ಲಿ ಹಿಜಾಬ್ ವಿವಾದವೂ ಕಾವೇರಿತ್ತು. ಆದರೂ ಒಂದು ಮಾತು ನಿಜ. ಫೆಬ್ರುವರಿ 24ರ ಸುದ್ದಿ ಯಾರಿಗೂ ತಪ್ಪಲಿಲ್ಲ. ತಪ್ಪಿದ್ದು ಫೆಬ್ರುವರಿ 12ರ ಸುದ್ದಿ. ಮಕ್ಕಳನ್ನು ಕರೆಸಿಕೊಳ್ಳಬೇಕೋ ಬೇಡವೋ ಎಂದು ತಂದೆತಾಯಿ ಯೋಚಿಸಲು ಬೇಕಾಗಿದ್ದದ್ದು ಆ ಹನ್ನೆರಡನೆಯ ತಾರೀಖಿನ ಸುದ್ದಿ.

ದೊಡ್ಡ ಕ್ರೀಡಾಕೂಟಗಳು ಲೋಕದ ಸುದ್ದಿಯನ್ನು ನುಂಗುತ್ತವೆ ಎಂಬ ದೂರು ಹಳೆಯದು. ಅದು ಪೂರ್ತಿ ಸರಿಯಲ್ಲ. ಭೂಕಂಪ, ಯುದ್ಧ, ವಿಮಾನ ಅಪಘಾತ ಯಾವ ವಿಶ್ವಕಪ್ಪಿನ ನಡುವೆಯೂ ಮುಖಪುಟಕ್ಕೆ ನುಗ್ಗಿ ಬರುತ್ತವೆ. ಕೂಟಗಳು ನುಂಗುವುದು ಅನಾಹುತವನ್ನಲ್ಲ, ಅನಾಹುತಕ್ಕೆ ಮುಂಚಿನ ದಿನಗಳನ್ನು. ಇತಿಹಾಸ ತಿರುವಿದರೆ ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ.

ಹಿಂದಿನ ಕೆಲವು ಪಂದ್ಯಗಳು

1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ. ನವಜ್ಯೋತ್ ಸಿಧು 93 ರನ್ ಹೊಡೆದದ್ದು, ಅಜಯ್ ಜಡೇಜಾ ವಕಾರ್ ಯೂನಿಸ್‌ರ ಎಸೆತಗಳನ್ನು ಚಚ್ಚಿದ್ದು, ಆಮಿರ್ ಸೊಹೈಲ್‌ಗೆ ನಮ್ಮ ವೆಂಕಟೇಶ್ ಪ್ರಸಾದ್ ಉತ್ತರ ಕೊಟ್ಟದ್ದು ಆಗ ಹುಟ್ಟೇ ಇರದ ನನ್ನಂಥವರಿಗೂ ಬಾಯಿಪಾಠ. ಭಾರತ 39 ರನ್‌ಗಳಿಂದ ಗೆದ್ದಿತು. ಅದರ ಹಿಂದಿನ ದಿನ, ಮಾರ್ಚ್ 8ರಂದು, ಚೀನಾ ತೈವಾನ್‌ನ ಬಂದರುಗಳ ಸಮೀಪದ ಸಮುದ್ರಕ್ಕೆ ಕ್ಷಿಪಣಿಗಳನ್ನು ಹಾರಿಸಿತ್ತು. ತೈವಾನ್ ತನ್ನ ಮೊದಲ ನೇರ ಅಧ್ಯಕ್ಷೀಯ ಚುನಾವಣೆಗೆ ಸಿದ್ಧವಾಗುತ್ತಿದ್ದ ಸಮಯ ಅದು. ಅಮೆರಿಕ ಎರಡು ವಿಮಾನವಾಹಕ ನೌಕೆಗಳ ಪಡೆಯನ್ನು ಆ ಕಡೆಗೆ ಕಳಿಸಿತು. ಇಂದು ಮೊಬೈಲ್‌ನಿಂದ ಕಾರಿನವರೆಗೆ ಎಲ್ಲಕ್ಕೂ ಬೇಕಾದ ಚಿಪ್‌ಗಳಿಗಾಗಿ ಜಗತ್ತು ತೈವಾನ್ ಕಡೆ ನೋಡುತ್ತದೆ. ಅಲ್ಲಿನ ತಂಟೆ ಏನು ಎಂದು ಇವತ್ತು ಕೇಳಿದರೆ ಮೊದಲಿಂದ ಹೇಳಬೇಕಾಗುತ್ತದೆ. ಆ ಪಂದ್ಯವನ್ನು ಮಾತ್ರ ಯಾರಿಗೂ ಮೊದಲಿಂದ ಹೇಳಬೇಕಾಗಿಲ್ಲ.

ನೆರೆಯ ಶ್ರೀಲಂಕಾದ ಉದಾಹರಣೆ ಇನ್ನೂ ಕಹಿಯಾದದ್ದು. 2009ರಲ್ಲಿ ಲೋಕಸಭಾ ಚುನಾವಣೆಯ ಕಾರಣದಿಂದ ಐಪಿಎಲ್ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಏಪ್ರಿಲ್ 18ರಿಂದ ಮೇ 24ರವರೆಗೆ ಪಂದ್ಯಗಳು. ಅನಿಲ್ ಕುಂಬ್ಳೆ ನಾಯಕತ್ವದ ಬೆಂಗಳೂರು ತಂಡ ಫೈನಲ್ ತಲುಪಿ, ಕೇವಲ 6 ರನ್‌ಗಳಿಂದ ಸೋತಿತು. ಅದೇ ವಾರಗಳಲ್ಲಿ ಲಂಕೆಯ ಈಶಾನ್ಯ ಕರಾವಳಿಯ ಕಿರಿದಾದ ಪಟ್ಟಿಯೊಂದರಲ್ಲಿ ಸೇನೆ ಮತ್ತು ಎಲ್‌ಟಿಟಿಇ ನಡುವೆ ಸಾವಿರಾರು ನಾಗರಿಕರು ಸಿಕ್ಕಿಕೊಂಡಿದ್ದರು. ಮೇ 18ರ ಹೊತ್ತಿಗೆ ಯುದ್ಧ ಮುಗಿಯಿತು. ಪ್ರಭಾಕರನ್ ಸತ್ತ ಸುದ್ದಿ ದೊಡ್ಡದಾಗಿ ಬಂತು. ಆ ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರ ಸಂಖ್ಯೆ 40 ಸಾವಿರದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿದ್ದು 2011ರಲ್ಲಿ. ಲಂಕಾ ಸರ್ಕಾರ ಪತ್ರಕರ್ತರನ್ನು ಯುದ್ಧಭೂಮಿಗೆ ಬಿಡುತ್ತಿರಲಿಲ್ಲ ಎಂಬುದೂ ಸತ್ಯ. ಜೊತೆಗೆ ಚುನಾವಣೆಯೂ ಇತ್ತು. ಎಲ್ಲ ತಪ್ಪನ್ನೂ ಕ್ರಿಕೆಟ್ಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸುದ್ದಿ ಸಿಗುವುದೇ ಕಷ್ಟವಾದಾಗ, ಸಿಕ್ಕ ಅಷ್ಟಿಷ್ಟಕ್ಕೂ ಜಾಗ ಕೊಡದಿದ್ದರೆ ಅದು ಇಲ್ಲವೇ ಆಗಿಬಿಡುತ್ತದೆ.

ಜಗತ್ತಿನಾದ್ಯಂತ ಇದೇ ಕತೆ. 2014ರ ಜೂನ್ 10ರಂದು ಇರಾಕಿನ ಮೊಸುಲ್ ನಗರ ಐಎಸ್ ಉಗ್ರರ ಕೈಗೆ ಬಿತ್ತು. ಎರಡು ದಿನ ಕಳೆದು ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಆರಂಭವಾಯಿತು. 2008ರ ಆಗಸ್ಟ್ 8ರಂದು ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಾಗುತ್ತಿದ್ದಾಗ ರಷ್ಯಾ–ಜಾರ್ಜಿಯಾ ಯುದ್ಧ ಹತ್ತಿಕೊಂಡಿತ್ತು. ಅಂದು ಜಾರ್ಜಿಯಾ ಎಲ್ಲಿದೆ, ಜಗಳ ಯಾಕೆ ಎಂದು ತಿಳಿದುಕೊಂಡಿದ್ದವರಿಗೆ ಮುಂದೆ ಉಕ್ರೇನಿನಲ್ಲಿ ನಡೆದದ್ದು ಅಷ್ಟು ಆಶ್ಚರ್ಯ ತಂದಿರಲಾರದು.

ಹೀಗಾಗುವುದು ಏಕೆ?

ಪತ್ರಿಕಾ ಕಚೇರಿ ಸೇರಿದ ಮೇಲೆ ಇದರ ಒಳಗುಟ್ಟು ನನಗೆ ತಿಳಿಯಿತು. ಕೆಟ್ಟ ಉದ್ದೇಶ ಯಾರಿಗೂ ಇರುವುದಿಲ್ಲ. ಪತ್ರಿಕೆಯ ಪುಟದಲ್ಲಿ ಮೊದಲು ಕೂರುವುದು ಜಾಹೀರಾತು. ಉಳಿದ ಜಾಗದಲ್ಲಿ ಸುದ್ದಿ. ಕ್ರೀಡಾಕೂಟದ ದಿನಾಂಕ ತಿಂಗಳುಗಳ ಮೊದಲೇ ಗೊತ್ತು. ಆದ್ದರಿಂದ ಜಾಹೀರಾತು ಮೊದಲೇ ಬರುತ್ತದೆ, ವಿಶೇಷ ಪುಟಗಳು ಮೊದಲೇ ಸಿದ್ಧವಾಗುತ್ತವೆ, ವರದಿಗಾರರ ಟಿಕೆಟ್ ಮೊದಲೇ ಬುಕ್ಕಾಗುತ್ತದೆ. ಪಂದ್ಯಕ್ಕೆ ಆರಂಭವಿದೆ, ಅಂತ್ಯವಿದೆ. ರಾತ್ರಿ ಪುಟ ಕಟ್ಟುವ ಹೊತ್ತಿಗೆ ಸೋಲು ಗೆಲುವು ಗೊತ್ತಾಗುತ್ತದೆ, ಒಳ್ಳೆಯ ಚಿತ್ರಗಳೂ ಕೈಗೆ ಬರುತ್ತವೆ. ಬೆಲರೂಸಿನ ಪೊಟ್ಯಾಷ್‌ಗೆ ಇದಾವುದೂ ಇಲ್ಲ. ಅದಕ್ಕೆ ವೇಳಾಪಟ್ಟಿಯಿಲ್ಲ, ಚಿತ್ರವಿಲ್ಲ, ಇಂದು ಮುಗಿಯಿತು ಎನ್ನುವ ಘಳಿಗೆಯಿಲ್ಲ. ಕನ್ನಡ ಪತ್ರಿಕೆಗಳಿಗೆ ವಿದೇಶಗಳಲ್ಲಿ ಸ್ವಂತ ವರದಿಗಾರರು ಇಲ್ಲವೆಂದೇ ಹೇಳಬೇಕು. ಸುದ್ದಿಸಂಸ್ಥೆಗಳು ಕಳಿಸಿದ್ದನ್ನು ಡೆಸ್ಕಿನಲ್ಲಿ ಕೂತ ಒಬ್ಬರೋ ಇಬ್ಬರೋ ಅನುವಾದಿಸಬೇಕು. ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ಅದಕ್ಕೆ.

ಮೊದಲಿಂದಲೂ ಹೀಗೇ ಇರಲಿಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ ದೇಶಕ್ಕೆ ಬಣ್ಣದ ಟೀವಿ ಬಂತು. ಮರುವರ್ಷ ಕಪಿಲ್‌ದೇವ್ ತಂಡ ವಿಶ್ವಕಪ್ ತಂದಿತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ತರಂಗಗಳು ಸರ್ಕಾರದ ಏಕಸ್ವಾಮ್ಯವಲ್ಲ, ಸಾರ್ವಜನಿಕರ ಆಸ್ತಿ ಎಂದು ತೀರ್ಪಿತ್ತಿತು. ಆ ಮೊಕದ್ದಮೆ ಹುಟ್ಟಿದ್ದೂ ಕ್ರಿಕೆಟ್ ಪ್ರಸಾರದ ಜಗಳದಿಂದಲೇ. ಅಲ್ಲಿಂದ ಮುಂದೆ ಆಟ ಮತ್ತು ಜಾಹೀರಾತು ಒಂದರ ಕೈ ಒಂದು ಹಿಡಿದು ಬೆಳೆದವು.

ಆಟವನ್ನು ಹಗುರವಾಗಿ ಕಾಣುವುದೂ ತಪ್ಪು. ದುಡಿದು ದಣಿದವರಿಗೆ ಅದು ಸಂತೋಷ; ಹಾಸನ ಜಿಲ್ಲೆಯ ಜಾವಗಲ್ ಎಂಬ ಊರಿನ ಹೆಸರು ಲೋಕಕ್ಕೆ ತಿಳಿದದ್ದು ಶ್ರೀನಾಥ್‌ರಿಂದ. ಕೆಲವೊಮ್ಮೆ ಆಟವೇ ಲೋಕದ ಸುದ್ದಿಯನ್ನು ಹೊತ್ತು ತರುತ್ತದೆ. 1978ರಲ್ಲಿ ಅರ್ಜೆಂಟೀನಾದ ಸೇನಾ ಸರ್ಕಾರ ವಿಶ್ವಕಪ್ ಉದ್ಘಾಟನೆಯ ಸಂಭ್ರಮದಲ್ಲಿದ್ದಾಗ, ಆಟ ನೋಡಲು ಹೋಗಿದ್ದ ಡಚ್ ಟೀವಿಯವರು ಕಾಣೆಯಾದ ಮಕ್ಕಳಿಗಾಗಿ ಚೌಕದಲ್ಲಿ ನಿಂತಿದ್ದ ತಾಯಂದಿರನ್ನು ಚಿತ್ರೀಕರಿಸಿದರು. 1996ರ ಜನವರಿಯಲ್ಲಿ ಕೊಲಂಬೊದ ಸೆಂಟ್ರಲ್ ಬ್ಯಾಂಕ್ ಮೇಲೆ ಬಾಂಬ್ ದಾಳಿ ನಡೆದ ಮೇಲೆ ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ತಂಡಗಳು ಅಲ್ಲಿ ಆಡಲು ನಿರಾಕರಿಸಿದವು. ಲಂಕೆಯ ಸಂಕಟ ಎಷ್ಟೋ ಓದುಗರಿಗೆ ತಲುಪಿದ್ದು ಕ್ರೀಡಾಪುಟದ ಮೂಲಕವೇ. ಬರೆಯುವವರು ಮೈದಾನದ ಗೋಡೆಯ ಆಚೆಗೂ ನೋಡಿದರೆ ಆಟದ ಪುಟವೂ ಲೋಕದ ಪುಟವಾಗಬಲ್ಲದು.

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಜೂನ್ 4 ಸಾಕ್ಷಿ. ಹದಿನೆಂಟನೆಯ ಪ್ರಯತ್ನದಲ್ಲಿ ಬೆಂಗಳೂರು ತಂಡ ಕಪ್ ಗೆದ್ದು ಬಂದಿತ್ತು. ಬೆಳಿಗ್ಗೆಯಿಂದ ಟೀವಿಗಳಲ್ಲಿ ಜಯೋತ್ಸವವೇ ಜಯೋತ್ಸವ. ಎಷ್ಟು ಜನ ಬರಬಹುದು, ಯಾವ ಗೇಟು ತೆರೆದಿರುತ್ತದೆ, ಪೊಲೀಸರು ಸಾಕೇ ಎಂಬ ಪ್ರಶ್ನೆಗಳು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮುಂಚಿನ ಗಂಟೆಗಳ ಸುದ್ದಿ ಇಲ್ಲಿಯೂ ಕಳೆದುಹೋಗಿತ್ತು. ಅದೇ ದಿನ ಗಾಜಾ ಕದನವಿರಾಮದ ನಿರ್ಣಯಕ್ಕೆ ಭದ್ರತಾ ಮಂಡಳಿಯ 14 ಸದಸ್ಯರು ಒಪ್ಪಿದ್ದರೂ ಅಮೆರಿಕ ವಿಟೊ ಚಲಾಯಿಸಿ ತಡೆಯಿತು. ನಮ್ಮವರು ಸತ್ತ ದಿನ ಅದು ಹಿಂದೆ ಸರಿದದ್ದು ಸಹಜ. ಆದರೆ ಆಮೇಲಿನ ದಿನಗಳಲ್ಲಾದರೂ ಅದನ್ನು ಹುಡುಕಿ ಓದಿದವರು ಎಷ್ಟು ಮಂದಿ?

ಆಟದ ಪುಟ ಕಡಿಮೆ ಮಾಡಿ ಎಂದು ಕೇಳುವುದು ಬೇಡ, ಯಾರೂ ಮಾಡುವುದಿಲ್ಲ. ಕೇಳಬೇಕಾದದ್ದು ಸಣ್ಣದು. ದೊಡ್ಡ ಕೂಟ ನಡೆಯುವಾಗಲೂ ಯಾರೂ ಮುಟ್ಟಬಾರದ ಒಂದು ಕಾಲಂ ಲೋಕದ ಸುದ್ದಿಗೆ ಇರಲಿ. ಅದರಲ್ಲಿ ನಿನ್ನೆ ಆದದ್ದಕ್ಕಿಂತ, ಮುಂದೆ ಆಗಬಹುದಾದದ್ದರ ವಿವರಣೆ ಇರಲಿ. ಓದುಗರೂ ಪತ್ರ ಬರೆದು ಕೇಳಲಿ. ಸ್ಕೋರು ತಪ್ಪಾಗಿ ಅಚ್ಚಾದರೆ ಕಚೇರಿಗೆ ಫೋನಿನ ಮೇಲೆ ಫೋನು ಬರುತ್ತದೆ. ಲಿಥುವೇನಿಯಾದ ರೈಲು ನಿಂತ ಸುದ್ದಿ ಬರಲಿಲ್ಲವೆಂದು ಒಬ್ಬರಾದರೂ ಫೋನು ಮಾಡಿದ್ದನ್ನು ನಾನು ಕಂಡಿಲ್ಲ.

ಕಳೆದ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಬೆಲರೂಸಿನ ಕತೆ ಹೇಳಿದೆ. ಪೂರ್ತಿ ಕೇಳಿದರು. “ಅವತ್ತೇ ಗೊತ್ತಾಗಿದ್ರೆ ಎರಡು ಚೀಲ ಮೊದ್ಲೇ ತಂದು ಮಡಗ್ತಿದ್ದೆ ಕನಪ್ಪ” ಎಂದರು.