ತಲೆಗೆ ಹೆಲ್ಮೆಟ್, ಕಾಲಿಗೆ ಏನು?

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ನಿಂತು ನೋಡಿ. ಸಾಲುಗಟ್ಟಿ ಸಾಗುವ ಮೋಟಾರ್ ಸೈಕಲ್ ಸವಾರರ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಕೆಲವರು ದಪ್ಪನೆಯ ಜಾಕೆಟ್ಟನ್ನೂ ತೊಟ್ಟಿರುತ್ತಾರೆ. ಸೊಂಟದಿಂದ ಕೆಳಗೆ ಮಾತ್ರ ಮಾಮೂಲಿ ಜೀನ್ಸ್ ಅಥವಾ ಬರ್ಮುಡಾ ಚಡ್ಡಿ. ಗಾಡಿ ಪಕ್ಕಕ್ಕೆ ಉರುಳಿದರೆ ಅದರ ಅಡಿಗೆ ಸಿಗುವುದು ಕಾಲು ಎಂಬುದು ಎಲ್ಲರಿಗೂ ಗೊತ್ತು. ಆದರೂ ಕಾಲಿನ ಉಡುಪಿನ ಬಗ್ಗೆ ಈ ಉದಾಸೀನವೇಕೆ? ಉತ್ತರ ಹುಡುಕಲು ತುಸು ಹಿಂದಕ್ಕೆ ಹೋಗಬೇಕು.

ಮೋಟಾರ್ ಸೈಕಲ್ ಬಂದ ಹೊಸತರಲ್ಲಿ ಸವಾರನಿಗೆಂದೇ ಪ್ರತ್ಯೇಕ ಉಡುಪು ಇರಲಿಲ್ಲ. ಅವನು ಕುದುರೆ ಸವಾರನ ಉಡುಪನ್ನೇ ಎರವಲು ಪಡೆದ. ಇಲ್ಲಿ ನಮ್ಮ ದೇಶದ ಪಾಲೂ ಇದೆ. ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆಂದು 1897ರಲ್ಲಿ ಇಂಗ್ಲೆಂಡಿಗೆ ಹೋದ ಜೋಧಪುರದ ಸರ್ ಪ್ರತಾಪ್ ಸಿಂಗ್ ತೊಟ್ಟಿದ್ದ ಷರಾಯಿ ಅಲ್ಲಿನವರ ಮನ ಸೆಳೆಯಿತು. ತೊಡೆಯ ಬಳಿ ಸಡಿಲ, ಮೊಣಕಾಲಿನಿಂದ ಕೆಳಗೆ ಬಿಗಿ. ಅದಕ್ಕೆ 'ಜೋಧಪುರ್ಸ್' ಎಂಬ ಹೆಸರೇ ನಿಂತಿತು. ಮೊದಲ ಮಹಾಯುದ್ಧದಲ್ಲಿ ಸುದ್ದಿ ಒಯ್ಯುತ್ತಿದ್ದ ಬ್ರಿಟಿಷ್ ಮೋಟಾರ್ ಸೈಕಲ್ ಸವಾರರು ತೊಟ್ಟದ್ದೂ ಇಂಥದೇ ಸವಾರಿ ಷರಾಯಿ. ಮೀನಖಂಡಕ್ಕೆ ಸುತ್ತುತ್ತಿದ್ದ ಬಟ್ಟೆಯ ಹೆಸರು 'ಪುಟ್ಟಿ'. ಅದು ನಮ್ಮ 'ಪಟ್ಟಿ'ಯೇ. ಬಿಗಿಯಾದ ಬಟ್ಟೆ ಚೈನಿಗೆ ಸಿಕ್ಕಿಕೊಳ್ಳದು ಎಂಬ ಅನುಕೂಲವಿತ್ತು ನಿಜ. ಆದರೆ ರಸ್ತೆಗೆ ಉಜ್ಜಿದರೆ ಏನಾಗುವುದೆಂದು ಯೋಚಿಸಿ ಹೊಲಿದದ್ದಲ್ಲ ಅದು.

ಜೀನ್ಸ್‌ನ ಕಥೆಯೂ ಹೀಗೆಯೇ. ಅಮೆರಿಕದ ನೆವಾಡದಲ್ಲಿದ್ದ ದರ್ಜಿ ಜೇಕಬ್ ಡೇವಿಸ್‌ಗೆ, ಕೂಲಿಕಾರನೊಬ್ಬನ ಹೆಂಡತಿ ತನ್ನ ಗಂಡನಿಗೆ ಬೇಗ ಹರಿಯದ ಪ್ಯಾಂಟು ಹೊಲಿದುಕೊಡುವಂತೆ ಕೇಳಿದಳಂತೆ. ಆತ ಜೇಬಿನ ಮೂಲೆಗಳಿಗೆ ತಾಮ್ರದ ಗುಂಡುಮೊಳೆ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್‌ನ ಜೊತೆಗೂಡಿ 1873ರಲ್ಲಿ ಪೇಟೆಂಟ್ ಪಡೆದ. ಆ ಪೇಟೆಂಟ್ ಬಟ್ಟೆಗಲ್ಲ, ಜೇಬನ್ನು ಗಟ್ಟಿಗೊಳಿಸುವ ವಿಧಾನಕ್ಕೆ! ಕೂಲಿಕಾರರ, ಗಣಿಗಾರರ ಈ ಉಡುಪನ್ನು ಸವಾರನ ಸಮವಸ್ತ್ರವೆಂಬಂತೆ ಮಾಡಿದ್ದು ಸಿನಿಮಾ. 1953ರಲ್ಲಿ ತೆರೆಕಂಡ 'ದಿ ವೈಲ್ಡ್ ಒನ್' ಚಿತ್ರದಲ್ಲಿ ಮರ್ಲಾನ್ ಬ್ರಾಂಡೊ ತೊಗಲಿನ ಜಾಕೆಟ್ ಮತ್ತು ಜೀನ್ಸ್ ತೊಟ್ಟು ಮೋಟಾರ್ ಸೈಕಲ್ ಏರಿದ. ಗಡಸಾಗಿ ಕಾಣುವುದೇ ಗಟ್ಟಿ ಎಂಬ ಭ್ರಮೆ ಬೇರೂರಿತು.

ವಾಸ್ತವ ಬೇರೆ. ಒರಟು ಮೇಲ್ಮೈಗೆ ಉಜ್ಜಿ ನೋಡುವ ಪರೀಕ್ಷಾ ಯಂತ್ರದಲ್ಲಿ ಮಾಮೂಲಿ ಡೆನಿಮ್ ಸುಮಾರು ಒಂದು ಸೆಕೆಂಡಿನಲ್ಲೇ ತೂತು ಬೀಳುತ್ತದೆ. ಯುರೋಪಿನ ಹಳೆಯ ಮಾನದಂಡವೊಂದು, ಹೆಚ್ಚು ಪೆಟ್ಟು ಬೀಳುವ ಭಾಗಗಳ ಬಟ್ಟೆ ಕನಿಷ್ಠ ನಾಲ್ಕು ಸೆಕೆಂಡ್ ತಾಳಬೇಕೆಂದು ಕೇಳುತ್ತಿತ್ತು. ಆ ಮೂರು ಸೆಕೆಂಡಿನ ಅಂತರದಲ್ಲಿ ಸವೆಯುವುದು ಚರ್ಮ.

ಈ ಅಂತರ ತುಂಬಲು ನೆರವಾದ ನೂಲೂ ಎರವಲಿನದೇ. 1965ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಟೈರಿಗೆ ಬಲ ಕೊಡುವ ಹಗುರ ನೂಲು ಹುಡುಕುತ್ತಿದ್ದಾಗ ಸಿಕ್ಕಿದ ದ್ರಾವಣ ಮುಂದೆ 'ಕೆವ್ಲಾರ್' ಆಯಿತು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲ. ಅದರ ಅಸ್ತರು ಕೊಟ್ಟ ಜೀನ್ಸ್ ಇಂದು ಅಂಗಡಿಗಳಲ್ಲಿ ದೊರೆಯುತ್ತದೆ.

ತಲೆಯ ಅದೃಷ್ಟ ಹೀಗಿರಲಿಲ್ಲ. 'ಅರೇಬಿಯಾದ ಲಾರೆನ್ಸ್' ಎಂದೇ ಪ್ರಸಿದ್ಧನಾದ ಟಿ.ಇ. ಲಾರೆನ್ಸ್ 1935ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡಾಗ, ಆತನನ್ನು ನೋಡಿದ್ದ ನರಶಸ್ತ್ರವೈದ್ಯ ಹ್ಯೂ ಕೇನ್ಸ್ ಸವಾರರ ತಲೆಪೆಟ್ಟಿನ ಅಧ್ಯಯನ ಕೈಗೊಂಡರು. ಹೆಲ್ಮೆಟ್‌ಗೆ ವಿಜ್ಞಾನದ ಬೆಂಬಲ ಬಂತು, ಬಳಿಕ ಕಾನೂನೂ ಬಂತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಅದನ್ನೇ ಹೇಳುತ್ತದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಗಾರ್ಡ್ ಇರಬೇಕೆಂಬ ನಿಯಮವೂ 1989ರಲ್ಲಿ ಬಂತು. ಬಟ್ಟೆಯನ್ನು ಚಕ್ರದಿಂದ ಕಾಪಾಡಲು ನಿಯಮವಿದೆ. ಬಟ್ಟೆ ಕಾಲನ್ನು ಕಾಪಾಡಬೇಕೆಂಬ ನಿಯಮವಿಲ್ಲ.

ಲೆಗ್ ಗಾರ್ಡ್ ಇದೆಯಲ್ಲ ಎನ್ನಬಹುದು. ಲಾಸ್ ಏಂಜಲೀಸ್‌ನ ಒಂಬೈನೂರು ಅಪಘಾತಗಳನ್ನು ಪರಿಶೀಲಿಸಿ ಹ್ಯಾರಿ ಹರ್ಟ್ ತಂಡ 1981ರಲ್ಲಿ ಕೊಟ್ಟ ವರದಿ ಆ ನಂಬಿಕೆಯನ್ನು ಅಲುಗಾಡಿಸಿತು: ಆ ಕಂಬಿ ಪಾದಕ್ಕೆ ಬೀಳುವ ಪೆಟ್ಟು ತಪ್ಪಿಸಿದರೆ, ಮೊಣಕಾಲು ತೊಡೆಗಳ ಪೆಟ್ಟು ಅಷ್ಟೇ ಹೆಚ್ಚುತ್ತಿತ್ತು. ಇನ್ನು ಆಸ್ಟ್ರೇಲಿಯದಲ್ಲಿ ಅಪಘಾತಕ್ಕೀಡಾದ 212 ಸವಾರರನ್ನು ಕುರಿತ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸವಾರಿಗೆಂದೇ ಮಾಡಿದ ಪ್ಯಾಂಟು ತೊಟ್ಟವರು ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಆದರೆ ಅಂಥ ಪ್ಯಾಂಟುಗಳಲ್ಲೂ ಕಾಲು ಭಾಗಕ್ಕಿಂತ ಹೆಚ್ಚು ಹರಿದು ಸೋತಿದ್ದವು. ಹೆಸರು ನೋಡಿ ಕೊಂಡರೆ ಸಾಲದು, ಗುಣ ನೋಡಬೇಕು.

ಹಾಗಾದರೆ ವಾರಕ್ಕೊಮ್ಮೆ ಗಾಡಿ ಹೊರಡಿಸುವವರು ಏನು ನೋಡಬೇಕು? ಉಜ್ಜಾಟ ಮತ್ತು ಪೆಟ್ಟು, ಎರಡೂ ಬೇರೆ ಬೇರೆ ಅಪಾಯಗಳು. ಉಜ್ಜಾಟಕ್ಕೆ ಬಟ್ಟೆ, ಪೆಟ್ಟಿಗೆ ಮೊಣಕಾಲು ಮತ್ತು ಸೊಂಟದ ಬಳಿ ಪ್ಯಾಡ್. ಯುರೋಪಿನ ಇಎನ್ 17092 ಮಾನದಂಡದಲ್ಲಿ ಎ, ಎಎ, ಎಎಎ ಎಂದು ದರ್ಜೆಗಳಿವೆ. ಅಕ್ಷರ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು. ಪ್ಯಾಡಿನ ಮೇಲೆ ಇಎನ್ 1621-1 ಎಂಬ ಗುರುತಿರಲಿ. ಅಸ್ತರು ಮಂಡಿಗಷ್ಟೇ ಇದೆಯೋ, ಕುಂಡೆ ತೊಡೆಗಳಿಗೂ ಇದೆಯೋ ಕೇಳಿ. ನಿಂತು ಅಳತೆ ನೋಡಿದರೆ ಸಾಲದು. ಗಾಡಿಯ ಮೇಲೆ ಕೂತಾಗ ಪ್ಯಾಡ್ ಮಂಡಿಯ ಮೇಲೇ ಇರಬೇಕು, ಕಾಲಿನ ತುದಿ ಮೇಲೆ ಸರಿಯಬಾರದು. ತೊಗಲು ಗಟ್ಟಿ, ಆದರೆ ನಮ್ಮ ಬೇಸಿಗೆಗೆ ಸೆಕೆ. ಗಾಳಿಯಾಡುವ ಜಾಳಿಗೆ ಬಟ್ಟೆ ಹಿತ, ಆದರೆ ಅದರ ದರ್ಜೆ ನೋಡಿಯೇ ಕೊಳ್ಳಿ. ಸೆಕೆಯೆಂದು ಮನೆಯಲ್ಲೇ ಬಿಟ್ಟುಬಂದ ಎಎಎ ಪ್ಯಾಂಟಿಗಿಂತ ತೊಟ್ಟುಕೊಂಡ ಎ ದರ್ಜೆಯದೇ ಮೇಲು.

ಕುದುರೆಗೆ, ಗಣಿಗೆ, ಟೈರಿಗೆ ಹುಟ್ಟಿದ್ದನ್ನೆಲ್ಲ ಸವಾರನ ಕಾಲು ಎರವಲು ಪಡೆದಿದೆ. ಮುಂದಿನ ಸಲ ಪ್ಯಾಂಟು ಕೈಗೆತ್ತಿಕೊಂಡಾಗ ಒಂದೇ ಪ್ರಶ್ನೆ ಸಾಕು: ಇದನ್ನು ಯಾವ ಕೆಲಸಕ್ಕೆಂದು ಹೊಲಿದರು?