ಗುರುತಿನ ಬಿಲ್ಲೆ: ಅಸಲು ಮತ್ತು ನಕಲು

ಕಲ್ಹೇರದ ನಮ್ಮ ಶಾಲೆಗೆ ಐದನೆಯ ತರಗತಿಯ ಬಾಲಕನೊಬ್ಬನು ಒಂದು ದಿನ ಕರವಸ್ತ್ರದಲ್ಲಿ ಸುತ್ತಿದ ಉಕ್ಕಿನ ಬಿಲ್ಲೆಯೊಂದನ್ನು ತಂದನು. “ಸರ್, ಇದು ನಮ್ಮ ಮುತ್ಯಾರ ಅಪ್ಪಂದು ಇರಬಹುದೇನ್ರಿ?” ಎಂಬುದು ಅವನ ಪ್ರಶ್ನೆ. ಆ ಹಿರಿಯರು ಎರಡನೆಯ ಮಹಾಯುದ್ಧದಲ್ಲಿ ಮಲಯಕ್ಕೆ ಹೋದವರು ಮರಳಲಿಲ್ಲ. ಅವರದಿರಬಹುದೆಂಬ ಆಸೆಯಿಂದ ಬಾಲಕನ ಅಣ್ಣನು ಪಟ್ಟಣದ ಹಳೆಯ ಸಾಮಾನಿನ ಸಂತೆಯಲ್ಲಿ ಅದನ್ನು ಸಾಕಷ್ಟು ಹಣ ತೆತ್ತು ಕೊಂಡಿದ್ದನು. ಮನೆಯವರು ಅದನ್ನು ದೇವರ ಜಗುಲಿಯ ಮೇಲಿಡಲು ಸಿದ್ಧರಾಗಿದ್ದರು. ಆದ್ದರಿಂದ ಉತ್ತರಿಸುವ ಮೊದಲು ಪರೀಕ್ಷಿಸುವುದು ನಮ್ಮ ಕರ್ತವ್ಯವಾಯಿತು.

ಮೊದಲು ವಸ್ತುವನ್ನು ನೋಡಬೇಕು. ಬ್ರಿಟಿಷ್ ಸೇನೆಯಲ್ಲಿ 1907ರಿಂದ ಅಲ್ಯೂಮಿನಿಯಂ ಬಿಲ್ಲೆಯೂ, 1914ರಿಂದ ಒತ್ತಿದ ನಾರಿನ ಕೆಂಪು ಬಿಲ್ಲೆಯೂ ಬಳಕೆಗೆ ಬಂದವು. 1916ರಲ್ಲಿ ಎರಡು ಬಿಲ್ಲೆಗಳ ಪದ್ಧತಿ ನೆಲೆಗೊಂಡಿತು: ಎಂಟು ಮೂಲೆಯ ಹಸುರು ಬಿಲ್ಲೆ ಶವದೊಡನೆಯೇ ಉಳಿಯುವುದು, ದುಂಡನೆಯ ಕೆಂಪು ಬಿಲ್ಲೆಯನ್ನು ಕಳಚಿ ದಫ್ತರಕ್ಕೆ ಕಳುಹಿಸುವುದು. ಹತ್ತಿಯ ದಾರದಲ್ಲಿ ಪೋಣಿಸಿದ ಈ ನಾರಿನ ಬಿಲ್ಲೆಗಳೇ ಎರಡನೆಯ ಯುದ್ಧದಲ್ಲಿಯೂ ನಡೆದುಬಂದವು. ಬಾಲಕನು ತಂದದ್ದಾದರೋ ಉದ್ದನೆಯ ಉಕ್ಕಿನ ತಗಡು, ಅಂಚಿನಲ್ಲಿ ಒಂದು ಕಚ್ಚು. ಅದು ಆ ಕಾಲದ ಅಮೆರಿಕನ್ ಸೈನಿಕರ ಬಿಲ್ಲೆಯ ರೂಪ. ಸತ್ತವನ ಹಲ್ಲಿನ ನಡುವೆ ಸಿಕ್ಕಿಸಲೆಂದು ಆ ಕಚ್ಚು ಇರುವುದೆಂಬುದು ಕಟ್ಟುಕಥೆ. ಅಕ್ಷರ ಒತ್ತುವ ಯಂತ್ರದಲ್ಲಿ ತಗಡು ಸರಿಯಾಗಿ ಕೂಡಲೆಂದು ಮಾಡಿದ್ದು ಅದು.

ಎರಡನೆಯದಾಗಿ ಅಕ್ಷರಗಳು. ನಾರಿನ ಬಿಲ್ಲೆಯ ಮೇಲೆ ಒಂದೊಂದೇ ಅಕ್ಷರದ ಅಚ್ಚನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆದಕಾರಣ ಸಾಲು ಡೊಂಕಾಗಿರುತ್ತದೆ. ಒಂದಕ್ಷರ ಆಳ, ಇನ್ನೊಂದು ತೇಲಿಕೆ. ಎಲ್ಲವೂ ಸಮನಾಗಿ, ಗೆರೆ ಎಳೆದಂತೆ ಇದ್ದರೆ ಸಂದೇಹಪಡಬೇಕು. ಸವೆತವನ್ನೂ ಗಮನಿಸಬೇಕು. ಮೈಮೇಲೆ ಧರಿಸಿದ ಬಿಲ್ಲೆಯು ದಾರದ ತೂತಿನ ಬಳಿ ಮತ್ತು ಅಂಚಿನಲ್ಲಿ ಸವೆಯುತ್ತದೆ. ಆಮ್ಲ ಬಳಿದು ಹಳತಾಗಿಸಿದ್ದು ಎಲ್ಲೆಡೆ ಒಂದೇ ತೆರನಾಗಿ ಕಪ್ಪಾಗಿರುತ್ತದೆ.

ಮೂರನೆಯದು ಇತಿಹಾಸದ ಸಾಕ್ಷ್ಯ. ನಕಲಿಯು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ. ಆ ತಗಡಿನ ಮೇಲೆ ‘ಕುಮಾವ್ ರೆಜಿಮೆಂಟ್, 1942’ ಎಂದಿತ್ತು. ಆದರೆ 1942ರಲ್ಲಿ ಆ ಹೆಸರಿನ ರೆಜಿಮೆಂಟು ಇರಲಿಲ್ಲ! ಆಗ ಅದರ ಹೆಸರು 19ನೆಯ ಹೈದರಾಬಾದ್ ರೆಜಿಮೆಂಟ್. ಕುಮಾವ್ ಎಂಬ ಹೆಸರು ಬಂದದ್ದು 1945ರ ಅಕ್ಟೋಬರದಲ್ಲಿ. ಇನ್ನೊಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಹೆಸರು ಹೈದರಾಬಾದಿನದಾದರೂ ಆ ರೆಜಿಮೆಂಟಿನಲ್ಲಿ ಬಹುಮಂದಿ ಉತ್ತರದ ಕುಮಾವಿನವರು, ಜಾಟರು, ಅಹೀರರು. ನಿಜಾಮರ ಸಂಸ್ಥಾನದ ಸೈನ್ಯವೇ ಬೇರೆ. ಅದರ ಒಂದನೆಯ ಹೈದರಾಬಾದ್ ಇನ್‌ಫೆಂಟ್ರಿ 1941ರ ಡಿಸೆಂಬರದಲ್ಲಿ ಮಲಯದ ಕೋಟ ಬಾರುವಿನ ವಿಮಾನ ನಿಲ್ದಾಣದ ಕಾವಲಿಗಿತ್ತು. ನಾರಾಯಣಖೇಡ ತಾಲೂಕು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದುದರಿಂದ, ನಮ್ಮ ಸೀಮೆಯವರ ಜಾಡು ಹಿಡಿಯಬೇಕಾದರೆ ಸಂಸ್ಥಾನದ ಸೈನ್ಯವನ್ನೂ ಮರೆಯದೆ ಹುಡುಕಬೇಕು.

ಬಿಲ್ಲೆ ನಕಲಿಯೆಂದು ಬಾಲಕನಿಗೆ ಹೇಳಿದೆವು. ಅವನ ಕಣ್ಣು ತುಂಬಿತು. ನಮಗೂ ಹೇಳಿದ್ದು ಸರಿಯೋ ಎನ್ನಿಸಿತು. ಆದರೆ ಸುಳ್ಳು ಬಿಲ್ಲೆಗೆ ಹೂವೇರಿಸಿದರೆ ಆ ಹಿರಿಯರ ಹೆಸರು ಮತ್ತೊಮ್ಮೆ ಅಳಿದಂತಲ್ಲವೇ? ಮೊದಲೇ ನಮ್ಮ ಸಿಪಾಯಿಗಳ ಹೆಸರು ಉಳಿದದ್ದು ಅಲ್ಪ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದಲ್ಲಿ ಮಡಿದ ಸಾವಿರಾರು ಭಾರತೀಯ ಸಿಪಾಯಿಗಳ ಹೆಸರನ್ನು ಬಸ್ರಾ ಸ್ಮಾರಕದಲ್ಲಿ ಕೆತ್ತಲಿಲ್ಲ. ಪಲ್ಟಣದ ಹೆಸರಿನ ಕೆಳಗೆ ಇಷ್ಟು ಮಂದಿಯೆಂದು ಸಂಖ್ಯೆ ಮಾತ್ರ. ಈ ಭೇದಭಾವವನ್ನು ಯುದ್ಧ ಸಮಾಧಿಗಳ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

“ಮನೆಯ ಹಳೆಯ ಪೆಟ್ಟಿಗೆಯಲ್ಲಿ ಏನಾದರೂ ಇದೆಯೇ, ಅಜ್ಜಿಯನ್ನು ಕೇಳು” ಎಂದು ಅವನನ್ನು ಕಳುಹಿಸಿದೆವು. ವಾರದ ಮೇಲೆ ಅವನು ಆರು ಮೂಲೆಯ ನಕ್ಷತ್ರದ ಪದಕವೊಂದನ್ನು ತಂದನು. ಆ ಯುದ್ಧದ ನಕ್ಷತ್ರ ಪದಕಗಳನ್ನು ಭಾರತೀಯ ಸೈನಿಕರಿಗೆ ಹೆಸರೊತ್ತಿ ಕೊಟ್ಟದ್ದುಂಟು. ಹಿಂಬದಿಯ ಕಿಲುಬನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಒಂದು ಸಂಖ್ಯೆಯೂ, ಹೆಸರಿನ ಮೊದಲ ಮೂರು ಅಕ್ಷರಗಳೂ ಕಂಡವು. ಮುತ್ಯಾರ ತಂದೆಯ ಹೆಸರಿನ ಅಕ್ಷರಗಳೇ ಅವು. ಉಳಿದವು ಸವೆದುಹೋಗಿದ್ದವು. ಇದು ಪೂರ್ಣ ಪ್ರಮಾಣವಲ್ಲವೆಂದೂ, ಆ ಸಂಖ್ಯೆಯನ್ನು ಸೇನೆಯ ದಾಖಲೆಗಳೊಡನೆ ತಾಳೆ ನೋಡಬೇಕೆಂದೂ ತಿಳಿಸಿದೆವು. ಬಾಲಕನು ಆ ಮೂರಕ್ಷರಗಳನ್ನು ತನ್ನ ಪಾಟಿಯ ಮೇಲೆ ಬರೆದುಕೊಂಡನು.

ವಿದ್ಯಾರ್ಥಿಗಳೇ, ಕೊಳ್ಳುವ ಮೊದಲು ನಿಮ್ಮ ಮನೆಯಲ್ಲಿ ಹುಡುಕಿರಿ. ನಂಬುವ ಮೊದಲು ಪರೀಕ್ಷಿಸಿರಿ. ಸವೆದ ಮೂರಕ್ಷರಗಳ ಸತ್ಯವು ಹೊಳೆಯುವ ಸುಳ್ಳಿಗಿಂತ ಬೆಲೆಯುಳ್ಳದ್ದು.